ಅಂಗಾತ ಮಲಗಿಯೇ ಹೆರಬೇಕಾ?

ಬೆಳಗಾವಿ ಇರಲಿ, ಬಾಗಲಕೋಟೆ ಇರಲಿ, ವಿಜಯಪುರ ಇರಲಿ, ಹೆರಿಗೆ ಕೋಣೆಯಲ್ಲಿ ಹೆಣ್ಣುಮಕ್ಕಳ ಕಿವಿಗೆ ಜಾಸ್ತಿ ಬೀಳುವ ಮಾತು ಎರಡು. ‘ಹೊರಳಾಡಬ್ಯಾಡ, ನೆಟ್ಟಗ ಮಲಕೋ’ ಅನ್ನೋದು ಒಂದು. ‘ತಿಣಕು, ಇನ್ನೂ ಜೋರು ತಿಣಕು’ ಅನ್ನೋದು ಇನ್ನೊಂದು. ಎರಡನೆಯದ್ದನ್ನು ಸದ್ಯಕ್ಕೆ ಬಿಡೋಣ. ಮೊದಲನೆಯದ್ದನ್ನು ಸ್ವಲ್ಪ ಬಿಡಿಸಿ ನೋಡೋಣ. ಬ್ಯಾನಿ ತಿನ್ನುವಾಗ ಅಂಗಾತ ಮಲಗು ಅಂತ ದೇಹ ಕೇಳುತ್ತಾ, ಅಥವಾ ಟೇಬಲ್ ಪಕ್ಕ ನಿಂತವರಿಗೆ ಅದು ಅನುಕೂಲವಾ?

ನಮ್ಮ ವೈನಿಯ ಚೊಚ್ಚಲ ಹೆರಿಗೆ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಆಯಿತು. ಬ್ಯಾನಿ ಶುರುವಾದಾಗ ಅವರು ತಾವಾಗಿಯೇ ಎದ್ದು ಕಿಟಕಿಯ ಸರಳು ಹಿಡಿದು ನಿಂತರು. ಬ್ಯಾನಿ ಬಂದಾಗ ಮುಂದಕ್ಕೆ ಬಾಗುವುದು, ಸೊಂಟವನ್ನು ಅತ್ತ ಇತ್ತ ಆಡಿಸುವುದು, ಹೋದಾಗ ಮತ್ತೆ ನೆಟ್ಟಗಾಗುವುದು. ಯಾರೂ ಹೇಳಿಕೊಟ್ಟಿದ್ದಲ್ಲ. ಅಷ್ಟರಲ್ಲಿ ಸಿಸ್ಟರ್ ಬಂದು ಸಲಾಯಿನ್ ಹಚ್ಚಿ ಮಲಗಿಸಿದರು. ಆಮೇಲೆ ಮಗು ಹುಟ್ಟುವವರೆಗೂ ಏಳಲು ಬಿಡಲಿಲ್ಲ. ‘ನಿಂತ್ರ ತಡಕೊಳ್ಳೂ ಹಂಗ ಇತ್ತು. ಮಲಗಿದ್ರ ನಡ ಮುರದು ಬಿದ್ದಂಗ ಆಗ್ತಿತ್ತು’ ಅಂತ ವೈನಿ ಈಗಲೂ ಹೇಳುತ್ತಾರೆ. ಅದೇ ಮನೆಯಲ್ಲಿ ನಮ್ಮ ಸೋದರತ್ತೆಯ ಅನುಭವ ಪೂರ್ತಿ ಉಲ್ಟಾ. ರಾತ್ರಿಯಿಡೀ ಅಡ್ಡಾಡಿ ಸುಸ್ತಾಗಿದ್ದ ಅವರಿಗೆ ಕೊನೆಯಲ್ಲಿ ಮಲಗಿದಾಗಲೇ ಆರಾಮ ಅನಿಸಿತಂತೆ. ಎಬ್ಬಿಸಿ ಕೂರಿಸಿದ್ದರೆ ಬೈಯುತ್ತಿದ್ದೆ ಅನ್ನುತ್ತಾರೆ. ಇಬ್ಬರ ಮಾತೂ ಖರೆ. ಎಲ್ಲರಿಗೂ ಸರಿಹೋಗುವ ಒಂದೇ ಭಂಗಿ ಅಂತ ಇಲ್ಲ. ತನಗೆ ಬೇಕಾದ ಹಾಗೆ ಮೈ ಹೊರಳಿಸಲು ಬಿಡುತ್ತಾರಾ ಇಲ್ವಾ ಅನ್ನೋದೇ ಇಲ್ಲಿನ ಪ್ರಶ್ನೆ.

ಮೊದಲು ಒಳಗೆ ಏನು ನಡೆಯುತ್ತದೆ ನೋಡಿ. ಹೆರಿಗೆಯ ಮೊದಲ ಹಂತದಲ್ಲಿ ಗರ್ಭಕೋಶದ ಬಾಯಿ ತೆರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 5 ಸೆಂಟಿಮೀಟರ್ ತೆರೆದ ಮೇಲೆ ಜೋರು ಬ್ಯಾನಿಯ ಕಾಲ ಶುರು. ಅಲ್ಲಿಂದ 10 ಸೆಂಟಿಮೀಟರ್ ಆಗಲು ಚೊಚ್ಚಲ ಹೆರಿಗೆಯಲ್ಲಿ 12 ಗಂಟೆ, ಮುಂದಿನ ಹೆರಿಗೆಗಳಲ್ಲಿ 10 ಗಂಟೆಯವರೆಗೂ ಹಿಡಿಯಬಹುದು. ಪೂರ್ತಿ ತೆರೆದ ಮೇಲೆ ಮಗು ಕೆಳಗಿಳಿದು ಹೊರಬರುವುದು ಎರಡನೇ ಹಂತ. ಮಾಸು ಬೀಳುವುದು ಮೂರನೆಯದು. ಮಲಗುವುದು, ನಿಲ್ಲುವುದು, ಕೂರುವುದು ಒಂದೊಂದು ಹಂತದಲ್ಲಿ ಒಂದೊಂದು ರೀತಿ ಕೆಲಸ ಮಾಡುತ್ತವೆ. ಎಲ್ಲವನ್ನೂ ಕಲಸಿ ‘ಕೂತು ಹೆತ್ತರೆ ಒಳ್ಳೇದು’ ಅಂತ ಒಂದೇ ಮಾತಲ್ಲಿ ಹೇಳಿದರೆ ತಪ್ಪಾಗುತ್ತದೆ.

ಅಂಗಾತ ಮಲಗಿದಾಗ ಮೊದಲು ತೊಂದರೆ ಆಗುವುದು ರಕ್ತನಾಳಕ್ಕೆ. ಬೆನ್ನುಮೂಳೆಯ ಮುಂದೆ, ಸ್ವಲ್ಪ ಬಲಕ್ಕೆ, ಕಾಲು ಮತ್ತು ಹೊಟ್ಟೆಯ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ದೊಡ್ಡ ಅಭಿಧಮನಿ ಇರುತ್ತದೆ. ದಿನ ತುಂಬಿದ ಗರ್ಭಕೋಶದ ಭಾರ ನೇರ ಅದರ ಮೇಲೆ ಬೀಳುತ್ತದೆ. ವಾಪಸ್ ಹೋಗುವ ರಕ್ತ ಕಡಿಮೆಯಾದರೆ ಹೃದಯ ಹೊರಗೆ ಕಳಿಸುವ ರಕ್ತವೂ ಕಡಿಮೆ. ಕೆಲವರಿಗೆ ತಲೆ ಗಿರ್ ಅನ್ನುತ್ತದೆ, ಬೆವರು ಬರುತ್ತದೆ, ವಾಂತಿ ಬಂದ ಹಾಗಾಗುತ್ತದೆ. ಮಗುವಿಗೆ ಹೋಗುವ ಆಮ್ಲಜನಕವೂ ಇಳಿಯಬಹುದು. ಮಗ್ಗುಲಾದರೆ ಭಾರ ಸರಿಯುತ್ತದೆ. ಏಳು, ಎಂಟು ತಿಂಗಳಾದಾಗ ‘ಎಡಮಗ್ಗುಲಾಗಿ ಮಲಕೋ’ ಅಂತ ಹೇಳುತ್ತಾರಲ್ಲ, ಅದರ ಹಿಂದೆ ಇರುವುದು ಇದೇ. ತಿಂಗಳುಗಟ್ಟಲೆ ಹಾಗೆ ಹೇಳಿ, ಹೆರಿಗೆ ದಿನ ಮಾತ್ರ ಗಂಟೆಗಟ್ಟಲೆ ಅಂಗಾತ ಮಲಗಿಸಿದರೆ ಏನು ಹೇಳೋದು?

ಎರಡನೆಯದು ಎಲುಬು. ಸೊಂಟದ ಗೂಡು ಒಂದೇ ಎಲುಬಲ್ಲ. ಹಿಂದಿನ ತ್ರಿಕಾಸ್ಥಿ ಮತ್ತು ಅದರ ತುದಿಯ ಬಾಲದೆಲುಬು ಬಸುರಿನ ಕೊನೆಗೆ ಸ್ವಲ್ಪ ಸಡಿಲ ಆಗಿರುತ್ತವೆ. ತಲೆ ಬಂದಾಗ ಹಿಂದಕ್ಕೆ ಸರಿದು ಜಾಗ ಕೊಡಬಲ್ಲವು. ಆದರೆ ಅಂಗಾತ ಮಲಗಿದರೆ ಮೈಭಾರವೆಲ್ಲ ಅವುಗಳ ಮೇಲೇ ಕೂತಿರುತ್ತದೆ. ಕುಕ್ಕರುಗಾಲಲ್ಲಿ ಕೂತಾಗ, ಮೊಣಕಾಲೂರಿದಾಗ, ಅಂಬೆಗಾಲಲ್ಲಿದ್ದಾಗ, ಮಗ್ಗುಲಾದಾಗ ಆ ಎಲುಬು ಬಿಡುಬೀಸಾಗಿರುತ್ತದೆ. ಕೆಳಗಿನ ದಾರಿ ಸ್ವಲ್ಪ ಅಗಲವಾಗುತ್ತದೆ. ಸ್ವಲ್ಪ ಅಂದರೆ ಸ್ವಲ್ಪವೇ. ಆದರೆ ಆ ದಾರಿಯಲ್ಲಿ ಅಷ್ಟು ಸಿಕ್ಕರೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಮಗು ನೆಟ್ಟಗೆ ಜಾರಿ ಬರುವುದಿಲ್ಲ. ತಲೆ ಒಳಗೆ ಇಳಿಯುವಾಗ ಮುಖ ಸಾಮಾನ್ಯವಾಗಿ ಪಕ್ಕಕ್ಕಿರುತ್ತದೆ. ಕೆಳಗೆ ಬಂದ ಹಾಗೆ ತಿರುಗಿ ತಾಯಿಯ ಬೆನ್ನ ಕಡೆ ಮುಖ ಮಾಡುತ್ತದೆ. ಸಣ್ಣ ಬಾಗಿಲಿನಲ್ಲಿ ಕಬ್ಬಿಣದ ತಿಜೋರಿ ಒಳಗೆ ಹಾಕುವಾಗ ಒಮ್ಮೆ ಓರೆ, ಒಮ್ಮೆ ನೆಟ್ಟಗೆ ಮಾಡಿ ತಿರುಗಿಸುತ್ತೀವಲ್ಲ, ಹಾಗೆ. ತಾಯಿ ಅಡ್ಡಾಡಿದರೆ, ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟರೆ, ಸೊಂಟ ಆಡಿಸಿದರೆ ಆ ದಾರಿಯ ಆಕಾರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಭೂಮಿ ಕೆಳಗೆ ಎಳೆಯುತ್ತೆ, ಅದಕ್ಕೇ ಎದ್ದಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದೂ ಸುಳ್ಳಲ್ಲ. ಆದರೆ ಆ ಒಂದು ಕಾರಣಕ್ಕೆ ಜನ ಕೊಡುವ ಬೆಲೆ ಜಾಸ್ತಿ ಆಯಿತು ಅಂತ ನನಗನಿಸುತ್ತದೆ. ಮಗ್ಗುಲಾಗಿ ಮಲಗಿದರೆ ಎಳೆತದ ಲಾಭ ಏನೂ ಇಲ್ಲ. ಆದರೂ ಅದು ಒಳ್ಳೆಯ ಭಂಗಿ. ಯಾಕಂದ್ರೆ ಎಲುಬೂ ಬಿಡುಬೀಸು, ರಕ್ತನಾಳವೂ ಬಿಡುಬೀಸು.

ಇದೆಲ್ಲ ಬರೀ ತರ್ಕ. ಲೆಕ್ಕ ಹಾಕಿ ನೋಡಿದವರು ಏನಂದರು?

ಜಗತ್ತಿನ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗುವ ಕೆಲಸವನ್ನು ಕಾಕ್ರೇನ್ ಅನ್ನೋ ಸಂಸ್ಥೆ ಮಾಡುತ್ತದೆ. ಮೊದಲ ಹಂತದ ಬಗ್ಗೆ ಅವರ 2013ರ ವರದಿಯಲ್ಲಿ 5,000ಕ್ಕೂ ಜಾಸ್ತಿ ತಾಯಂದಿರ ಲೆಕ್ಕ ಇದೆ. ಎದ್ದು ಕೂತು ಅಡ್ಡಾಡಿದವರಿಗೆ ಮೊದಲ ಹಂತ ಸರಾಸರಿ 1 ಗಂಟೆ 22 ನಿಮಿಷ ಬೇಗ ಮುಗಿಯಿತು. ಸಿಜೇರಿಯನ್ ಕೂಡ ಕಡಿಮೆ ಆಯಿತು. ಇಲ್ಲಿ ಹೆಚ್ಚು ಗೊಂದಲ ಇಲ್ಲ. ತೊಂದರೆ ಇಲ್ಲದ ಬಸುರಿಯನ್ನು ಮೊದಲ ಹಂತದಲ್ಲಿ ಮಲಗಿಸಿ ಇಡಲು ಒಳ್ಳೆಯ ಕಾರಣವೇ ಇಲ್ಲ.

ಎರಡನೇ ಹಂತದ ಲೆಕ್ಕ ಇಷ್ಟು ಸಲೀಸಲ್ಲ. ಕಾಕ್ರೇನ್‌ನವರದೇ 2017ರ ವರದಿಯಲ್ಲಿ ಸೊಂಟಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಅಂದರೆ ಎಪಿಡ್ಯೂರಲ್ ಇಲ್ಲದ 9,000ಕ್ಕೂ ಜಾಸ್ತಿ ತಾಯಂದಿರು ಇದ್ದರು. ನೆಟ್ಟಗಿನ ಭಂಗಿಯಲ್ಲಿ ಹೆತ್ತವರಿಗೆ ಚಿಮ್ಮಟ (ಫೋರ್ಸೆಪ್ಸ್) ಅಥವಾ ವ್ಯಾಕ್ಯೂಮ್ ಹಚ್ಚಿ ಮಗು ಎಳೆಯುವುದು ಸುಮಾರು ಕಾಲು ಭಾಗ ಕಡಿಮೆ. ಕೆಳಗೆ ಕತ್ತರಿಸಿ ಹೊಲಿಗೆ ಹಾಕುವುದೂ ಅಷ್ಟೇ ಕಡಿಮೆ. ಮಗುವಿನ ಎದೆಬಡಿತ ಏರುಪೇರಾಗುವುದೂ ಕಡಿಮೆ. ಆದರೆ ಕೆಳಗಿನ ಚರ್ಮ ತಾನಾಗಿಯೇ ಹರಿಯುವುದು ಸ್ವಲ್ಪ ಜಾಸ್ತಿ ಇರಬಹುದು ಅಂತ ಬಂತು. 500 ಮಿಲಿಲೀಟರ್‌ಗಿಂತ ಹೆಚ್ಚು ರಕ್ತ ಹೋದವರೂ ಜಾಸ್ತಿ. ಪ್ರಯೋಗಗಳ ಗುಣಮಟ್ಟ ಒಂದೇ ತರಹ ಇರಲಿಲ್ಲ ಅಂತಲೂ ಅವರೇ ಹೇಳಿದ್ದಾರೆ. ಸಹಜ ಹೆರಿಗೆಯನ್ನು ಹೊಗಳುವ ವಿಡಿಯೋಗಳಲ್ಲಿ ರಕ್ತದ ವಿಷಯ ಬರುವುದೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಬಸುರಿಯರಲ್ಲಿ ಶೇ. 52.2ರಷ್ಟು ಜನರಿಗೆ ರಕ್ತಹೀನತೆ. ಅಂಥ ಮೈಯಲ್ಲಿ ರಕ್ತದ ಮಾತನ್ನು ಹಾರಿಸಿ ಮುಂದೆ ಹೋಗಲು ಆಗುವುದಿಲ್ಲ.

ಹಾಗಾದರೆ ಕೂತು ಹೆತ್ತರೆ ನಿಜವಾಗಿ ರಕ್ತ ಜಾಸ್ತಿ ಹೋಗುತ್ತಾ, ಅಥವಾ ಜಾಸ್ತಿ ಅಳತೆಗೆ ಸಿಗುತ್ತಾ? ಈ ಪ್ರಶ್ನೆಯ ಹತ್ತಿರ ನಮ್ಮ ಬೆಳಗಾವಿ ಬರುತ್ತದೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಒಂದು ಪ್ರಯೋಗ ನಡೆಸಿದರು. 1,620 ತಾಯಂದಿರು. ಹೆರಿಗೆ ಮಾಡಿಸಿದವರು ಹಳ್ಳಿಯ ನರ್ಸಮ್ಮಗಳು. ಮಗು ಹುಟ್ಟಿದ ಕೂಡಲೇ ಅರ್ಧ ಜನರಿಗೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ, ಇನ್ನರ್ಧ ಜನರಿಗೆ ಅದೇ ತರಹ ಕಾಣುವ ಔಷಧವಿಲ್ಲದ ಗುಳಿಗೆ. ವಿಪರೀತ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂದಾಗ ಜಗತ್ತೆಲ್ಲ ಓದಿತು.

ಗುಳಿಗೆ ಸುದ್ದಿಯಾಯಿತು. ಆದರೆ ಆ ಪ್ರಯೋಗದಲ್ಲಿ ಇನ್ನೊಂದು ಸಾಮಾನಿತ್ತು. ಸೊಂಟದ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ. ಅದರ ಕೆಳತುದಿ ಲಾಳಿಕೆಯ ಹಾಗೆ ಇಳಿದು ಚೀಲ ಆಗುತ್ತದೆ. ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ರಕ್ತ ಹಾಸಿಗೆಗೆ, ಬಟ್ಟೆಗೆ, ನೆಲಕ್ಕೆ ಹೋಗದೆ ಚೀಲಕ್ಕಿಳಿಯುತ್ತದೆ. ಗೆರೆ ನೋಡಿದರೆ ಸಾಕು. ಅಲ್ಲಿಯವರೆಗೆ ಹೆಚ್ಚಿನ ಕಡೆ ನಡೆಯುತ್ತಿದ್ದದ್ದು ಕಣ್ಣಳತೆ. ಎರಡನ್ನೂ ಹೋಲಿಸಿದಾಗ ಕಣ್ಣಳತೆ ಸುಮಾರು ಮೂರನೇ ಒಂದು ಭಾಗ ಕಡಿಮೆ ತೋರಿಸಿತು. ಅಂದರೆ 600 ಹೋಗಿದ್ದರೂ 400 ಅಂತ ಬರೆದುಕೊಂಡು ಸುಮ್ನೆ ಇರುವ ಸಾಧ್ಯತೆ.

ಈಗ ಭಂಗಿಗೆ ವಾಪಸ್ ಬನ್ನಿ. ಮಲಗಿ ಹೆತ್ತಾಗ ರಕ್ತ ಬಟ್ಟೆ, ಹಾಸಿಗೆಯಲ್ಲಿ ಹೀರಿಕೊಳ್ಳುತ್ತದೆ. ಕೂತು ಹೆತ್ತಾಗ ಕೆಳಗಿಟ್ಟ ಪಾತ್ರೆಗೆ ಬೀಳುತ್ತದೆ, ಪೂರ್ತಿ ಲೆಕ್ಕಕ್ಕೆ ಸಿಗುತ್ತದೆ. ಹಾಗಾಗಿ ವ್ಯತ್ಯಾಸದ ಒಂದಷ್ಟು ಪಾಲು ಅಳತೆಯದ್ದೇ ಇರಬಹುದು. ಪೂರ್ತಿ ಅಲ್ಲ. ಬಹಳ ಹೊತ್ತು ಹೆರಿಗೆ ಸ್ಟೂಲಿನ ಮೇಲೆ ಕೂತರೆ ಕೆಳಗೆ ಬಾವು ಬರುತ್ತದೆ, ಹರಿದ ಕಡೆ ರಕ್ತ ಜಾಸ್ತಿ ಸೋರುತ್ತದೆ. ಅದಕ್ಕೇ ಕೂತು ಹೆತ್ತರೂ ಮಗು ಬಂದ ಕೂಡಲೇ ಗರ್ಭಕೋಶ ಬಿಗಿಸಿ ರಕ್ತ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್ ಆಗಲೇಬೇಕು. ಆಮೇಲೆ ತಾಯಿ ಮಲಗಬೇಕು, ರಕ್ತ ಅಳೆಯಬೇಕು. ಕೂತು ಹೆರುವುದು ಮನೆಯಲ್ಲಿ ಹೆರಲು ಕಾರಣ ಆಗಬಾರದು ಅಂತ ನಾನು ಪದೇ ಪದೇ ಹೇಳುವುದು ಈ ಕಾರಣಕ್ಕೆ.

ಇನ್ನು ಒಂದೊಂದು ಭಂಗಿ ಹೆಣ್ಣುಮಕ್ಕಳಿಗೆ ಹೇಗನಿಸುತ್ತದೆ?

ಕುಕ್ಕರುಗಾಲು ನಮ್ಮ ಕಡೆಯ ಹಳೆಯ ತಲೆಗೆ ಹೊಸದಲ್ಲ. ಪಾತ್ರೆ ತಿಕ್ಕುವುದು, ಕಸ ತೆಗೆಯುವುದು, ಕಳೆ ಕೀಳುವುದು ಎಲ್ಲ ಹಾಗೇ. ಒಲೆ ಮುಂದೆ ಒಂದು ಮೊಣಕಾಲು ಎತ್ತಿ ಕೂತು ರೊಟ್ಟಿ ಬಡಿಯುವವರಿಗೆ ಸೊಂಟ ಸಡಿಲ ಮಾಡುವುದನ್ನು ಯಾರೂ ಕಲಿಸಬೇಕಿಲ್ಲ. ಗ್ಯಾಸ್ ಕಟ್ಟೆ, ಕಮೋಡ್, ಕುರ್ಚಿ ಅಭ್ಯಾಸ ಆದ ಹುಡುಗಿಯರಿಗೆ ಮಾತ್ರ ಐದು ನಿಮಿಷಕ್ಕೆ ತೊಡೆ ನಡುಗುತ್ತದೆ. ಅವರು ಬ್ಯಾನಿ ಬಂದಾಗ ಕೂತು, ಹೋದಾಗ ಹಿಂದಕ್ಕೆ ಒರಗಬೇಕು. ಹಿಂದಿನಿಂದ ಕಂಕುಳಲ್ಲಿ ಕೈಹಾಕಿ ಹಿಡಿಯುವವರು ಬೇಕು. ಮೊದಲು ಮನೆ ಹೆರಿಗೆಯಲ್ಲಿ ಅವ್ವನೋ ಅತ್ತೆಯೋ ಹಾಗೆ ಹಿಂದೆ ಕೂತಿರುತ್ತಿದ್ದರು, ಸೂಲಗಿತ್ತಿ ಮುಂದೆ. ಇನ್ನೂ ಒಂದು ಎಚ್ಚರ. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮೊದಲೇ ಕುಕ್ಕರುಗಾಲಲ್ಲಿ ಕೂತು ತಿಣುಕಿದರೆ ಸುಸ್ತು ಬಿಟ್ಟು ಬೇರೇನೂ ಸಿಗುವುದಿಲ್ಲ.

ಅಂಬೆಗಾಲಿಗೆ ನಮ್ಮಲ್ಲಿ ನಾಚಿಕೆಯೇ ದೊಡ್ಡ ಅಡ್ಡಿ. ‘ಹಂಗ ಕುಂಡಿ ಮ್ಯಾಲ ಮಾಡಿ ಇರೂದಾ?’ ಅನ್ನುತ್ತಾರೆ. ಆದರೆ ಬ್ಯಾನಿ ಹೊಟ್ಟೆಗಿಂತ ಬೆನ್ನಲ್ಲೇ ತಿನ್ನುವವರು ಇದ್ದಾರಲ್ಲ, ಅವರಿಗೆ ಇದರಷ್ಟು ಹಿತ ಬೇರೆ ಇಲ್ಲ. ಮಗುವಿನ ಬುರುಡೆಯ ಹಿಂಭಾಗ ತಾಯಿಯ ಬೆನ್ನೆಲುಬಿಗೆ ಒತ್ತಿಕೊಂಡಿದ್ದರೆ ಸಾಮಾನ್ಯವಾಗಿ ಹೀಗಾಗುತ್ತದೆ. ಕೈಕಾಲೂರಿ ಬಾಗಿದಾಗ ಮಗುವಿನ ಭಾರ ಬೆನ್ನಿನಿಂದ ಹೊಟ್ಟೆ ಕಡೆ ಜೋಲುತ್ತದೆ. ಮಗು ಅದರಿಂದಲೇ ತಿರುಗಿಬಿಡುತ್ತೆ ಅನ್ನಲು ಸಾಕ್ಷಿ ಸಾಲದು. ಬೆನ್ನು ನೋವು ಇಳಿಯುತ್ತೆ ಅನ್ನೋದಕ್ಕೆ ಇದೆ. ಮಂಚದ ಮೇಲೆ ನಾಲ್ಕು ದಿಂಬು ಒಟ್ಟಿ ಅದರ ಮೇಲೆ ಎದೆ ಊರಿ ಮೊಣಕಾಲಲ್ಲಿ ಕೂತರೂ ಅದೇ ಫಲ. ನಾಚಿಕೆಯೂ ಕಡಿಮೆ.

ನಿಲ್ಲುವುದು, ಅಡ್ಡಾಡುವುದು ಮೊದಲ ಹಂತಕ್ಕೆ ಚೆನ್ನ. ತಲೆಕಡೆ ಎತ್ತಿದ ಮಂಚಕ್ಕೆ ಒರಗಿ ಅರ್ಧ ಕೂರುವುದನ್ನು ನಮ್ಮ ಆಸ್ಪತ್ರೆಗಳು ಈಗ ಸಲೀಸಾಗಿ ಒಪ್ಪುತ್ತವೆ. ಅಂಗಾತಕ್ಕಿಂತ ವಾಸಿ, ಆದರೆ ಬಾಲದೆಲುಬಿನ ಮೇಲೆ ಭಾರ ಇದ್ದೇ ಇರುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಕಡಿಮೆ ಮಾತಾಗುವ, ಎಲ್ಲಕ್ಕಿಂತ ಕೈಗೆಟುಕುವ ಭಂಗಿ ಅಂದರೆ ಮಗ್ಗುಲಾಗುವುದು. ಎಂಥ ಹಳೆಯ ಟೇಬಲ್ ಮೇಲೂ ಆಗುತ್ತದೆ. ಸಲಾಯಿನ್ ಇದ್ದರೂ ಆಗುತ್ತದೆ. ಮೇಲಿನ ಕಾಲನ್ನು ಒಬ್ಬರು ಎತ್ತಿ ಹಿಡಿದರೆ ಆಯಿತು. ಸುಸ್ತಾದವರಿಗೆ ನಡುವೆ ಕಣ್ಣು ಮುಚ್ಚಲೂ ಬರುತ್ತದೆ. ಎಪಿಡ್ಯೂರಲ್ ಹಾಕಿಸಿಕೊಂಡವರಿಗಂತೂ ಇದೇ ಸರಿ. ಬ್ರಿಟನ್ನಿನಲ್ಲಿ 3,000ಕ್ಕೂ ಹೆಚ್ಚು ಚೊಚ್ಚಲ ತಾಯಂದಿರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಪಿಡ್ಯೂರಲ್ ಇದ್ದು ಮಗ್ಗುಲಾಗಿ ಮಲಗಿದವರಲ್ಲಿ ಶೇ. 41.1 ಜನ ಯಾವ ಸಲಕರಣೆಯೂ ಇಲ್ಲದೆ ಹೆತ್ತರು. ನೆಟ್ಟಗೆ ಕೂರಿಸಿದವರಲ್ಲಿ ಶೇ. 35.2. ‘ಎದ್ದಿದ್ದರೇ ಒಳ್ಳೇದು’ ಅನ್ನೋ ಹಟವೂ ‘ಮಲಗಿದರೇ ಒಳ್ಳೇದು’ ಅನ್ನೋ ಹಟದಷ್ಟೇ ಕುರುಡು.

ಅಂಗಾತ ಮಲಗಿಸುವ ರೂಢಿ ಬಹಳ ಹಳೆಯದೇನಲ್ಲ. 17ನೇ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ಫ್ರಾಂಸ್ವಾ ಮೊರಿಸೋ 1668ರ ತನ್ನ ಪುಸ್ತಕದಲ್ಲಿ ಹೆರಿಗೆ ಸ್ಟೂಲಿನ ಬದಲು ಹಾಸಿಗೆಯೇ ಸರಿ ಅಂದ. ಆಮೇಲೆ ಚಿಮ್ಮಟ ಬಂತು, ಆಸ್ಪತ್ರೆ ಬಂತು, ಕಾಲು ಮೇಲೆ ಹಾಕುವ ಟೇಬಲ್ ಬಂತು. ಬಾದಾಮಿಯ ಮ್ಯೂಸಿಯಂಗೆ ಹೋದರೆ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ದೇವಿಯ ಶಿಲ್ಪ ಇದೆ, 7ನೇ ಶತಮಾನದ್ದು. ತಲೆಯ ಜಾಗದಲ್ಲಿ ಕಮಲ, ಮೊಣಕಾಲು ಮಡಚಿ ಅಗಲಿಸಿ ಮೇಲೆತ್ತಿದ ಕಾಲು. ಅದು ಹೆರಿಗೆಯ ಭಂಗಿಯೋ ಫಲವಂತಿಕೆಯ ಗುರುತೋ ಅಂತ ಪಂಡಿತರಲ್ಲಿ ಜಗಳ ಇದೆ. ನಾಚಿ ಮುಚ್ಚಿಕೊಂಡ ಮೈಯಂತೂ ಅಲ್ಲ.

ಆಸ್ಪತ್ರೆಯವರ ಕಷ್ಟವನ್ನೂ ಹೇಳಬೇಕು. ಒಂದು ರಾತ್ರಿ, ಒಬ್ಬಿಬ್ಬರು ಸಿಸ್ಟರ್, ಸಾಲಾಗಿ ಟೇಬಲ್. ಅಂಗಾತ ಮಲಗಿದರೆ ತಲೆ ಬರುವುದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಅವರು ಕಲಿತದ್ದೂ ಹಾಗೇ. ಬಗ್ಗಿ, ನೆಲಕ್ಕೆ ಕೂತು, ಹಿಂದಿನಿಂದ ಮಗು ಹಿಡಿಯಲು ಯಾರೂ ತರಬೇತಿ ಕೊಟ್ಟಿಲ್ಲ. ಅದೇ 2019–21ರ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಶೇ. 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಜೀವ ಉಳಿದಿದ್ದು ಅದರಿಂದಲೇ, ಅದನ್ನು ಮರೆತು ಮಾತಾಡಬಾರದು. ಕಾಗದದ ಮೇಲಂತೂ ದಾರಿ ತೆರೆದಿದೆ. ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದು ಅಂದಿತು. 2017ರ ಡಿಸೆಂಬರಿನಲ್ಲಿ ಹೆರಿಗೆ ಕೋಣೆಗಳನ್ನು ಸುಧಾರಿಸುವ ‘ಲಕ್ಷ್ಯ’ ಕಾರ್ಯಕ್ರಮ ಬಂತು. ಪರದೆ, ಗೌರವದ ಮಾತು, ಬೇಕಾದ ಭಂಗಿಯ ಆಯ್ಕೆ ಎಲ್ಲ ಅದರಲ್ಲಿದೆ. 2018ರಲ್ಲಿ ಸೂಲಗಿತ್ತಿ-ನರ್ಸ್‌ಗಳಿಗೆ 18 ತಿಂಗಳ ತರಬೇತಿಯ ಯೋಜನೆ ಆಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಎಪಿಡ್ಯೂರಲ್ ಇರಲಿ ಬಿಡಲಿ, ಭಂಗಿ ತಾಯಿಯ ಆಯ್ಕೆ ಅಂದಿತು. ಕಾಗದದಿಂದ ನಿಮ್ಮ ತಾಲೂಕಿನ ಹೆರಿಗೆ ಕೋಣೆಗೆ ಎಷ್ಟು ಇಳಿದಿದೆ ಅನ್ನೋದನ್ನು ನೀವೇ ಕೇಳಿ ತಿಳಿಯಬೇಕು.

ಮಲಗಲೇಬೇಕಾದ ಹೊತ್ತೂ ಇರುತ್ತದೆ. ರಕ್ತ ಹೋಗುತ್ತಿದ್ದರೆ, ಬಿಪಿ ಏರಿ ಝಟಕೆ ಬರುವ ಭಯ ಇದ್ದರೆ, ಚಿಮ್ಮಟ ಹಚ್ಚಬೇಕಾದರೆ ಟೇಬಲ್ಲೇ ಗತಿ. ನೀರೊಡೆದು ಮಗುವಿನ ತಲೆ ಇನ್ನೂ ಮೇಲೇ ಇದ್ದರೆ ಅಡ್ಡಾಡಲು ಬಿಡುವುದಿಲ್ಲ, ಹೊಕ್ಕುಳಬಳ್ಳಿ ಮೊದಲು ಜಾರಿದರೆ ಅನಾಹುತ. ತಲೆ ಬಂದು ಭುಜ ಸಿಕ್ಕಿಕೊಂಡರೆ ವೈದ್ಯರು ಮೊದಲು ಮಾಡುವುದು ಅಂಗಾತ ಮಲಗಿಸಿ ಎರಡೂ ತೊಡೆಯನ್ನು ಹೊಟ್ಟೆಗೆ ಒತ್ತಿ ಹಿಡಿಯುವುದು. ಅದಕ್ಕೂ ಆಗದಿದ್ದರೆ ಬಳಸುವ ಉಪಾಯಗಳಲ್ಲಿ ಅಂಬೆಗಾಲೂ ಒಂದು. ಹಾಗಾಗಿ ‘ಈಗ ಮಲಗಿ’ ಅಂದಾಗ ಯಾಕೆ ಅಂತ ಕೇಳಿ. ಕಾರಣ ಹೇಳಿದರೆ ಮಲಗಿ.

ಕೇಳುವುದಕ್ಕೂ ಹೊತ್ತು ಅಂತ ಇದೆ. ಬ್ಯಾನಿಯಲ್ಲಿ ಕೇಳಿದರೆ ಆಗುವುದಿಲ್ಲ. ತವರಿಗೆ ಬಂದು ಎಂಟು, ಒಂಬತ್ತು ತಿಂಗಳಲ್ಲಿ ತೋರಿಸಲು ಹೋದಾಗ ಕೇಳಿ. ಬ್ಯಾನಿ ಬಂದ ಮೇಲೆ ಅಡ್ಡಾಡಬಹುದಾ? ಸಲಾಯಿನ್ ಎಲ್ಲರಿಗೂ ಹಚ್ಚುತ್ತೀರಾ, ಬೇಕಾದವರಿಗಾ? ಅವ್ವ ಒಳಗೆ ಬರಬಹುದಾ? ಕೊನೆಗೆ ಮಗ್ಗುಲಾಗಿ ಹೆರಲು ಬಿಡುತ್ತೀರಾ? ಉತ್ತರ ಕೊಡುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ಜೊತೆಗೆ ಬರುವ ಅವ್ವನಿಗೋ ವೈನಿಗೋ ಮೊದಲೇ ಹೇಳಿಡಿ. ಬ್ಯಾನಿ ತಿನ್ನುವವಳ ಮಾತಿಗಿಂತ ಪಕ್ಕದಲ್ಲಿ ನಿಂತವರ ‘ಅಕ್ಕಾರ, ಸ್ವಲ್ಪ ಮಗ್ಗಲಾಗ್ಲೇನ್ರಿ ಆಕಿ?’ ಅನ್ನೋ ಮಾತು ಸಿಸ್ಟರ್ ಕಿವಿಗೆ ಬೇಗ ತಲುಪುತ್ತದೆ.

ಏನೇ ಕೇಳಿದರೂ ಬೇಡ ಅಂದರೆ ಇಷ್ಟಾದರೂ ಮಾಡಿಸಿಕೊಳ್ಳಿ. ಟೇಬಲ್ಲಿನ ತಲೆಕಡೆ ಎತ್ತಲು ಹೇಳಿ. ಎತ್ತುವಂಥದ್ದಲ್ಲದಿದ್ದರೆ ಬೆನ್ನ ಹಿಂದೆ ದಿಂಬು. ಒಂದು ಸೀರೆಯನ್ನು ದಪ್ಪಗೆ ಮಡಚಿ ಬಲ ಸೊಂಟದ ಕೆಳಗೆ ಇಡಿಸಿ. ಹೊಟ್ಟೆ ಸ್ವಲ್ಪ ಎಡಕ್ಕೆ ವಾಲಿದರೂ ಆ ದೊಡ್ಡ ರಕ್ತನಾಳದ ಮೇಲಿನ ಭಾರ ಇಳಿಯುತ್ತದೆ. ಅದಕ್ಕೆ ಯಾವ ಸಿಸ್ಟರೂ ಬೇಡ ಅನ್ನುವುದಿಲ್ಲ.